ಹಲ್ಲುನೋವು: ಯಾವುದು ಸೋಮವಾರದವರೆಗೆ ಕಾದೀತು, ಯಾವುದು ಕಾಯಲಾರದು?

‘ಹಲ್ಲುನೋವಿನಿಂದ ಯಾರಾದರೂ ಸತ್ತದ್ದುಂಟೇ?’ ಎಂದು ಕೇಳುವವರಿದ್ದಾರೆ. ಜ್ವರ ಬಂದರೆ ರಜೆ ಹಾಕುತ್ತೇವೆ. ಎದೆನೋವು ಎಂದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತೇವೆ. ಹಲ್ಲುನೋವಾದರೆ ಮಾತ್ರ ಒಂದು ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೊರಡುತ್ತೇವೆ. ಹಲ್ಲಿನ ತೊಂದರೆಗಳಲ್ಲಿ ಹೆಚ್ಚಿನವು ಪ್ರಾಣಕ್ಕೆ ಎರವಾಗುವಂಥವಲ್ಲ ಎಂಬುದು ನಿಜ. ಆದರೆ ಎರವಾಗುವ ಕೆಲವು ಇವೆ ಎಂಬುದೂ ಅಷ್ಟೇ ನಿಜ.

ರಾತ್ರಿ ಹೊತ್ತು, ಭಾನುವಾರ ಅಥವಾ ಹಬ್ಬದ ದಿನ ಹಲ್ಲುನೋವು ಬಂದವರು ಮೊದಲು ಬರುವುದು ನನ್ನಂತಹ ಸಾಮಾನ್ಯ ವೈದ್ಯರ ಬಳಿಗೆ. ಅವರೆಲ್ಲರ ಬೇಡಿಕೆಯೂ ಒಂದೇ: ‘ಡಾಕ್ಟ್ರೇ, ಈಗ ಒಂದು ಮಾತ್ರೆ ಕೊಟ್ಟುಬಿಡಿ, ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತೀನಿ.’ ಸೋಮವಾರದವರೆಗೆ ಕಾಯಬಹುದೇ ಎಂಬುದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಬಹಳಷ್ಟು ಮಟ್ಟಿಗೆ ನೀವೇ ಮನೆಯಲ್ಲಿ ಕಂಡುಕೊಳ್ಳಬಹುದು. ಅದಕ್ಕೆ ಒಂದು ಮಾತು ಮನಸ್ಸಿನಲ್ಲಿರಬೇಕು: ನೋವಿನ ಜೋರು ಅಪಾಯದ ಅಳತೆಯಲ್ಲ. ಬಾವು, ಜ್ವರ, ಬಾಯಿ ತೆರೆಯಲು ಮತ್ತು ನುಂಗಲು ಆಗುವ ಕಷ್ಟ, ಇವು ಅಪಾಯದ ಅಳತೆ.

ಹಲ್ಲಿನೊಳಗೆ ಏನಾಗುತ್ತದೆ?

ಹಲ್ಲು ನೋಡಲು ಕಲ್ಲಿನ ಚೂರಿನಂತಿದ್ದರೂ ಅದರೊಳಗೆ ಜೀವವಿದೆ. ಹೊರಗೆ ಗಟ್ಟಿಯಾದ ಎನಾಮೆಲ್ ಕವಚ, ಅದರ ಕೆಳಗೆ ಡೆಂಟಿನ್, ನಡುವೆ ನರ ಮತ್ತು ರಕ್ತನಾಳಗಳಿಂದ ತುಂಬಿದ ಮೆತ್ತನೆಯ ತಿರುಳು. ಹುಳುಕು ಎನಾಮೆಲ್ಲಿನಲ್ಲಿ ಇರುವಷ್ಟು ಕಾಲ ನೋವಿರುವುದಿಲ್ಲ. ಡೆಂಟಿನ್ ತಲುಪಿದಾಗ ತಣ್ಣೀರು ಕುಡಿದರೆ, ಸಿಹಿ ತಿಂದರೆ ಜುಂ ಎನ್ನುತ್ತದೆ, ಮರುಕ್ಷಣ ಹೋಗುತ್ತದೆ. ಇದು ಕಾಯಬಲ್ಲ ನೋವು. ಒಂದೆರಡು ವಾರದೊಳಗೆ ಹೋಗಿ ಸಿಮೆಂಟ್ ತುಂಬಿಸಿಕೊಂಡರೆ ಹಲ್ಲು ಉಳಿಯುತ್ತದೆ, ಖರ್ಚೂ ಕಡಿಮೆ.

ರೋಗಾಣುಗಳು ತಿರುಳನ್ನು ಮುಟ್ಟಿದಾಗ ಕತೆ ಬೇರೆ. ಕೈಗೆ ಏಟಾದರೆ ಅಲ್ಲಿ ಊದಿಕೊಳ್ಳಲು ಜಾಗವಿದೆ. ಹಲ್ಲಿನ ತಿರುಳಿಗೆ ಆ ಜಾಗವಿಲ್ಲ, ಅದು ಗೋಡೆಗಳ ನಡುವೆ ಸಿಕ್ಕಿಕೊಂಡಿದೆ. ಆದ್ದರಿಂದಲೇ ಆ ನೋವು ಅಷ್ಟು ಭೀಕರ. ತಾನಾಗಿ ಬರುತ್ತದೆ, ಮಲಗಿದರೆ ಹೆಚ್ಚುತ್ತದೆ, ನಿದ್ದೆಯಿಂದ ಎಬ್ಬಿಸುತ್ತದೆ, ಬಿಸಿ ಕಾಫಿ ಕುಡಿದರೆ ಬಹಳ ಹೊತ್ತು ಸಿಡಿಯುತ್ತದೆ. ಇಂಥ ನೋವು ಬಂದವರು ಒಂದೆರಡು ದಿನದೊಳಗೆ ದಂತವೈದ್ಯರನ್ನು ಕಾಣಬೇಕು. ಸಿಮೆಂಟಿನಿಂದ ಇದು ಸರಿಹೋಗುವುದಿಲ್ಲ. ರೂಟ್ ಕೆನಾಲ್ ಚಿಕಿತ್ಸೆಯಾಗಬೇಕು, ಇಲ್ಲವೇ ಹಲ್ಲು ಕೀಳಬೇಕು.

ಆಗಲೂ ಹೋಗದಿದ್ದರೆ? ಕೆಲವು ದಿನಗಳಲ್ಲಿ ನೋವು ಒಮ್ಮೆಗೇ ನಿಂತುಹೋಗಬಹುದು. ‘ಲವಂಗ ಕೆಲಸ ಮಾಡಿತು’ ಎಂದು ಎಲ್ಲರೂ ಸಂತೋಷಪಡುತ್ತಾರೆ. ವಾಸ್ತವವಾಗಿ ಒಳಗಿನ ನರ ಸತ್ತಿರುತ್ತದೆ, ನೋವನ್ನು ತಿಳಿಸುವವರೇ ಇರುವುದಿಲ್ಲ. ರೋಗಾಣುಗಳು ಮಾತ್ರ ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಮೂಳೆಯಲ್ಲಿ ಕೀವು ಕಟ್ಟಲು ಶುರುಮಾಡಿರುತ್ತವೆ. ಚಿಕಿತ್ಸೆಯಿಲ್ಲದೆ ನಿಂತ ಹಲ್ಲುನೋವು ವಾಸಿಯಾದ ಹಲ್ಲುನೋವಲ್ಲ.

ಬಾವು ಬಂದರೆ ಕನ್ನಡಿಯ ಮುಂದೆ ನಿಲ್ಲಿ

ವಸಡಿನ ಮೇಲೆ ಚಿಕ್ಕ ಗುಳ್ಳೆಯೆದ್ದು ಕೀವು ಒಸರುತ್ತಿದ್ದರೆ, ಜ್ವರವಿಲ್ಲದಿದ್ದರೆ, ಅದು ಒಂದೆರಡು ದಿನ ಕಾದೀತು. ಕೀವಿಗೆ ಹೊರಬರಲು ದಾರಿ ಸಿಕ್ಕಿದೆ. ಕೀವು ಒಳದಾರಿ ಹಿಡಿದು ಮುಖ, ಗದ್ದ, ಕುತ್ತಿಗೆಯ ಕಡೆಗೆ ಹರಡಿದರೆ ಮಾತ್ರ ಕಾಯುವಂತಿಲ್ಲ.

ಕೆಳದವಡೆಯ ಹಿಂಭಾಗದ ಹಲ್ಲುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವುಗಳ ಬೇರುಗಳು ನಾಲಿಗೆಯನ್ನು ಹೊತ್ತ ಸ್ನಾಯುವಿಗಿಂತ ಕೆಳಕ್ಕೆ ಇಳಿದಿರುತ್ತವೆ. ಅಲ್ಲಿಂದ ಹೊರಟ ಸೋಂಕು ನೇರವಾಗಿ ಗದ್ದದ ಕೆಳಗಿನ ಹಾಗೂ ನಾಲಿಗೆಯ ಕೆಳಗಿನ ಸಡಿಲ ಜಾಗಗಳಿಗೆ ನುಗ್ಗುತ್ತದೆ. ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು ಉಸಿರಿನ ದಾರಿ ಮುಚ್ಚುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು 1836ರಲ್ಲಿ ವಿವರಿಸಿದ. ಈಗಲೂ ಇದಕ್ಕೆ ‘ಲುಡ್ವಿಗ್ಸ್ ಆಂಜೈನಾ’ ಎಂದೇ ಹೆಸರು. ಆಂಟಿಬಯಾಟಿಕ್ ಔಷಧಿಗಳು ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಈಗ ಬಹುತೇಕರು ಬದುಕುತ್ತಾರೆ, ಸಮಯಕ್ಕೆ ಆಸ್ಪತ್ರೆ ಸೇರಿದರೆ.

ಮುಖ ಊದಿದೆ ಎನಿಸಿದರೆ ಕನ್ನಡಿಯ ಮುಂದೆ ನಿಂತು ಈ ಐದನ್ನು ಪರೀಕ್ಷಿಸಿಕೊಳ್ಳಿ.

1. ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೆಚ್ಚಿನವರಿಗೆ ಮೂರೂ ಹೋಗುತ್ತವೆ. ನಿನ್ನೆಯವರೆಗೆ ಹೋಗುತ್ತಿದ್ದು ಇಂದು ಒಂದೂವರೆ ಬೆರಳು ಹೋಗುವುದೂ ಕಷ್ಟವಾದರೆ ಸೋಂಕು ಆಳಕ್ಕಿಳಿದಿದೆ ಎಂದರ್ಥ.

2. ಒಂದು ಗುಟುಕು ನೀರು ನುಂಗಿ. ನೀರು ನುಂಗಲಾಗದೆ ಜೊಲ್ಲು ಹೊರಗೆ ಸುರಿಯುತ್ತಿದ್ದರೆ ಒಂದು ಗಂಟೆಯೂ ಕಾಯಬೇಡಿ.

3. ಮಾತಾಡಿ ನೋಡಿ. ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಮಾತಾಡಿದಂತೆ ಧ್ವನಿ ಬದಲಾಗಿದೆಯೇ? ನಾಲಿಗೆ ಮೇಲೆದ್ದಂತಿದೆಯೇ?

4. ಬಾವು ಎಲ್ಲಿದೆ? ದವಡೆಯ ಅಂಚು ದಾಟಿ ಗದ್ದದ ಕೆಳಗೆ, ಕುತ್ತಿಗೆಗೆ ಇಳಿದಿದೆಯೇ? ಅಥವಾ ಮೇಲಿನ ಹಲ್ಲಿನಿಂದ ಹೊರಟು ಕಣ್ಣಿನವರೆಗೆ ಏರಿ ಕಣ್ಣು ಮುಚ್ಚುವಂತಾಗಿದೆಯೇ? ಮೇಲಿನ ಹಲ್ಲುಗಳ ಸೋಂಕು ಅಪರೂಪಕ್ಕೆ ರಕ್ತನಾಳಗಳ ಮೂಲಕ ಮಿದುಳಿನ ಬುಡಕ್ಕೂ ತಲುಪಬಲ್ಲದು.

5. ಥರ್ಮಾಮೀಟರ್ ಇಟ್ಟು ನೋಡಿ. ಬಾವಿನ ಜೊತೆ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಚಳಿನಡುಕ, ಮಂಕು ಇವೆಯೇ?

ಇವುಗಳಲ್ಲಿ ಒಂದಿದ್ದರೂ ಅದೇ ದಿನ, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆ, ಮಲಗಿದರೆ ಉಸಿರು ಕಟ್ಟಿದಂತಾಗುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರಲು ಬಿಡಿ.

ಒಬ್ಬ ಆಟೋ ಚಾಲಕರ ಪ್ರಸಂಗ ಹೇಳುತ್ತೇನೆ. ವಯಸ್ಸು ಮೂವತ್ತೆಂಟು. ಹಿಂದಿನ ಹಲ್ಲು ಮೂರು ತಿಂಗಳಿಂದ ನೋಯುತ್ತಿತ್ತು. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದರು. ಆಮೇಲೆ ಹತ್ತು ದಿನ ನೋವೇ ಇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಗದ್ದದ ಕೆಳಗೆ ನಿಂಬೆಹಣ್ಣಿನಷ್ಟು ಬಾವು, ಸಂಜೆಗೆ ಕುತ್ತಿಗೆಯೆಲ್ಲ ಹಲಗೆಯಂತೆ ಬಿಗಿ. ನನ್ನ ಬಳಿ ಬಂದಾಗ ಕೈಯಲ್ಲಿ ಟವೆಲ್ ಹಿಡಿದು ಜೊಲ್ಲು ಒರೆಸಿಕೊಳ್ಳುತ್ತಿದ್ದರು. ನೋವು ಎಷ್ಟಿದೆ ಎಂದು ಕೇಳಿದರೆ ‘ಅಷ್ಟೇನಿಲ್ಲ ಸಾರ್’ ಎಂದು ಕೈಸನ್ನೆ ಮಾಡಿದರು. ರಕ್ತದಲ್ಲಿ ಸಕ್ಕರೆ 340 ಇತ್ತು. ಸಕ್ಕರೆ ಕಾಯಿಲೆ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಸೇರಿಸಿ, ಉಸಿರಿಗೆ ಕೊಳವೆ ಹಾಕಿ, ಕುತ್ತಿಗೆ ಸೀಳಿ ಕೀವು ತೆಗೆದರು. ಹಲ್ಲನ್ನೂ ಕಿತ್ತರು. ಎರಡು ವಾರದ ಮೇಲೆ ಮನೆಗೆ ಬಂದರು. ಮೂರು ತಿಂಗಳ ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಮಾತ್ರೆ ಮಾತ್ರ ಸಾಲದೇಕೆ?

‘ಆಂಟಿಬಯಾಟಿಕ್ ಐದು ದಿನ ತೆಗೆದುಕೊಂಡೆ, ಮತ್ತೆ ಬಂತು’ ಎಂದು ದೂರುವವರು ಬಹಳ. ಔಷಧಿ ರಕ್ತದ ಮೂಲಕ ಹರಿಯುತ್ತದೆ. ಸತ್ತ ತಿರುಳಿಗೆ ರಕ್ತದ ಓಡಾಟವೇ ಇಲ್ಲ. ಆದ್ದರಿಂದ ಮಾತ್ರೆ ಹೊರಗಿನ ಸೋಂಕನ್ನು ತಗ್ಗಿಸೀತೇ ಹೊರತು ಹಲ್ಲಿನೊಳಗಿನ ಮೂಲವನ್ನು ಮುಟ್ಟದು. ಕೀವಿಗೆ ದಾರಿ ಮಾಡಿಕೊಡಬೇಕು, ಮೂಲವನ್ನು ತೆಗೆಯಬೇಕು. ಬಾವು, ಜ್ವರ ಇಲ್ಲದ ಬರಿಯ ಹಲ್ಲುನೋವಿಗೆ ಆಂಟಿಬಯಾಟಿಕ್ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿ ಬಿಡುವುದಂತೂ ರೋಗಾಣುಗಳಿಗೆ ಮಾಡಿಕೊಡುವ ಉಪಕಾರ.

ಏಟು ಬಿದ್ದು ಹಲ್ಲು ಕಿತ್ತು ಬಂದರೆ

ಇಲ್ಲಿ ಲೆಕ್ಕ ದಿನಗಳಲ್ಲಲ್ಲ, ನಿಮಿಷಗಳಲ್ಲಿ. ಆಟದ ಮೈದಾನದಲ್ಲಿ ಬಿದ್ದು ಮಗುವಿನ ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂದರೆ ಅದನ್ನು ಮತ್ತೆ ಕೂರಿಸಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಬೇರಿನ ಮೇಲಿರುವ ಸೂಕ್ಷ್ಮ ಜೀವಕೋಶಗಳು ಒಣಗಿ ಸಾಯುವ ಮೊದಲು ಈ ಕೆಲಸವಾಗಬೇಕು. ಮೊದಲ ಅರ್ಧ ಗಂಟೆಯೊಳಗಾದರೆ ಬಹಳ ಒಳ್ಳೆಯದು. ಒಂದು ಗಂಟೆ ಒಣಗಿಬಿಟ್ಟರೆ ಹಲ್ಲು ಬಹುಕಾಲ ಉಳಿಯುವ ಸಾಧ್ಯತೆ ತೀರ ಕಡಿಮೆ.

ಹಲ್ಲನ್ನು ಹುಡುಕಿ. ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನು ಹಿಡಿದು ಎತ್ತಿ. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ಶುದ್ಧ ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಉಜ್ಜಬೇಡಿ, ಸೋಪು, ಡೆಟಾಲ್ ಹಾಕಬೇಡಿ. ಗಾಯಾಳುವಿಗೆ ಪ್ರಜ್ಞೆ ಚೆನ್ನಾಗಿದ್ದರೆ ಹಲ್ಲನ್ನು ಅದರ ಗೂಡಿನಲ್ಲೇ ಮೆಲ್ಲಗೆ ಕೂರಿಸಿ, ಶುಭ್ರವಾದ ಕರವಸ್ತ್ರ ಕಚ್ಚಿಸಿ, ದಂತವೈದ್ಯರಲ್ಲಿಗೆ ಓಡಿ. ಕೂರಿಸಲು ಧೈರ್ಯ ಬಾರದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಹೋಗಿ. ಹಾಲು ಸಿಗದಿದ್ದರೆ ಚಿಕ್ಕ ಡಬ್ಬಿಯಲ್ಲಿ ಆ ಮಗುವಿನದೇ ಎಂಜಲನ್ನು ಉಗುಳಿಸಿ ಅದರಲ್ಲಿಡಿ. ಕಾಗದದಲ್ಲಿ, ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರೆ ಹಲ್ಲು ಒಣಗಿ ಸಾಯುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ವೈದ್ಯರಲ್ಲಿ ಕೇಳಿ.

ಇದು ಶಾಶ್ವತ ಹಲ್ಲುಗಳಿಗೆ ಮಾತ್ರ ಅನ್ವಯಿಸುವ ಮಾತು. ಹಾಲುಹಲ್ಲು ಕಿತ್ತು ಬಂದರೆ ಕೂರಿಸಬಾರದು, ಕೆಳಗೆ ಮೊಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಮುಂದಿನ ಶಾಶ್ವತ ಹಲ್ಲುಗಳು ಬರುವುದು ಸುಮಾರು ಆರೇಳು ವರ್ಷದಿಂದ. ಯಾವುದೆಂದು ತಿಳಿಯದಿದ್ದರೆ ಹಾಲಿನಲ್ಲಿಟ್ಟು ಕೊಂಡೊಯ್ಯಿರಿ.

ಬಿದ್ದವರಿಗೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ ಹಲ್ಲಿನ ಚಿಂತೆ ಬಿಟ್ಟು ಮೊದಲು ತಲೆಯ ಪರೀಕ್ಷೆ ಮಾಡಿಸಿ. ಕಿತ್ತು ಬಂದ ಹಲ್ಲು ಎಲ್ಲೂ ಸಿಗದೆ ಕೆಮ್ಮು ಶುರುವಾದರೆ ಅದು ಶ್ವಾಸನಾಳಕ್ಕೆ ಹೋಗಿರಬಹುದು, ಎದೆಯ ಎಕ್ಸ್-ರೇ ಬೇಕು. ಸ್ಕೂಟರಿನಿಂದ ಬಿದ್ದ ಮೇಲೆ ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಕೆಳತುಟಿ ಮರಗಟ್ಟಿದ್ದರೆ ದವಡೆ ಮುರಿದಿರುವ ಸಂಭವವಿದೆ.

ರಕ್ತ ನಿಲ್ಲದಿದ್ದರೆ

ಹಲ್ಲು ಕೀಳಿಸಿಕೊಂಡ ದಿನ ಎಂಜಲು ಸ್ವಲ್ಪ ಕೆಂಪಾಗಿರುವುದು ಸಹಜ. ಬಾಯಿತುಂಬ ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಅಥವಾ ಗಾಜ್ ಮಡಿಸಿ ಆ ಜಾಗದಲ್ಲಿಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಹಿಡಿಯಿರಿ. ಐದೈದು ನಿಮಿಷಕ್ಕೆ ತೆಗೆದು ನೋಡಬೇಡಿ, ಬಾಯಿ ಮುಕ್ಕಳಿಸಬೇಡಿ. ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತುಹೋಗುತ್ತದೆ. ಅರ್ಧ ಗಂಟೆಯ ಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮೊದಲೇ ಹೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ. ಹೃದಯದ ಕವಾಟ ಬದಲಾಯಿಸಿಕೊಂಡವರೂ ತಿಳಿಸಬೇಕು, ಅವರಿಗೆ ಮುಂಚಿತವಾಗಿ ಆಂಟಿಬಯಾಟಿಕ್ ಬೇಕಾಗುತ್ತದೆ.

ಹಲ್ಲು ಕೀಳಿಸದೆಯೇ ವಸಡಿನಿಂದ ರಕ್ತ ಬಂದರೆ? ಬ್ರಷ್ ಮಾಡುವಾಗ ಮಾತ್ರ ಬಂದರೆ ಸಾಮಾನ್ಯವಾಗಿ ಅದು ವಸಡಿನ ರೋಗ, ನಿಧಾನವಾಗಿ ತೋರಿಸಬಹುದು. ನಾಲ್ಕೈದು ದಿನದ ಜ್ವರದ ಜೊತೆ ತಾನಾಗಿ ಒಸರಿದರೆ ಡೆಂಗಿ ಇರಬಹುದು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ವಸಡು ಊದಿ ರಕ್ತ ಒಸರುವುದರ ಜೊತೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು, ವಿಪರೀತ ಸುಸ್ತು ಇದ್ದರೂ ತಡಮಾಡಬಾರದು.

ಹಲ್ಲಿನದಲ್ಲದ ಹಲ್ಲುನೋವು

ನಡೆದಾಗ, ಮೆಟ್ಟಿಲು ಹತ್ತಿದಾಗ ಕೆಳದವಡೆಯಲ್ಲಿ ನೋವು ಬಂದು, ಕುಳಿತರೆ ಹೋಗುತ್ತಿದ್ದರೆ ಅದು ಹಲ್ಲಿನದಾಗಿರಲಾರದು, ಹೃದಯದ್ದಾಗಿರಬಹುದು. ದವಡೆನೋವಿನ ಜೊತೆ ಬೆವರು, ಉಬ್ಬಸ, ಎದೆಯಲ್ಲಿ ಅಥವಾ ತೋಳಿನಲ್ಲಿ ಭಾರ ಇದ್ದರೆ ದಂತವೈದ್ಯರಲ್ಲಿಗಲ್ಲ, ಇಸಿಜಿ ತೆಗೆಯುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತವಾಗುವುದುಂಟು.

ಸಕ್ಕರೆ ಕಾಯಿಲೆಯವರು ಇನ್ನೊಂದನ್ನೂ ನೆನಪಿಡಬೇಕು. 2021ರಲ್ಲಿ ಕೋವಿಡ್ಡಿನ ಎರಡನೇ ಅಲೆಯ ಹೊತ್ತಿಗೆ ಕಪ್ಪು ಶಿಲೀಂಧ್ರದ ಹೆಸರು ಮನೆಮಾತಾಯಿತು. ಅದು ಅಂದು ಮಾತ್ರ ಇದ್ದ ಕಾಯಿಲೆಯಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಮೇಲ್ದವಡೆಯ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡತೊಡಗಿದರೆ, ಕೆನ್ನೆ ಮರಗಟ್ಟಿದರೆ, ಅಂಗುಳಿನಲ್ಲಿ ಕಪ್ಪು ಕಲೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆ ಒಂದು ರಾತ್ರಿ ಕಳೆಯಲು

ಮೇಲೆ ಹೇಳಿದ ಅಪಾಯದ ಗುರುತುಗಳಿಲ್ಲ, ನೋವು ಮಾತ್ರ ಇದೆ ಎಂದಾದರೆ ಬೆಳಗಿನವರೆಗೆ ಹೀಗೆ ಮಾಡಬಹುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಹಲ್ಲುಗಳ ನಡುವೆ ಸಿಕ್ಕಿಕೊಂಡ ಆಹಾರವನ್ನು ದಾರದಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಪಿನ್ನುಗಳಿಂದ ಕೆದಕಬೇಡಿ. ದೊಡ್ಡವರು 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಒಂದು ಅಥವಾ ಎರಡು ಮಾತ್ರೆ ತೆಗೆದುಕೊಳ್ಳಬಹುದು. ಮತ್ತೆ ತೆಗೆದುಕೊಳ್ಳಲು ಆರು ಗಂಟೆಯಾದರೂ ಕಳೆದಿರಬೇಕು, ದಿನಕ್ಕೆ ಆರು ಮಾತ್ರೆ ಮೀರಬಾರದು. ಯಕೃತ್ತಿನ ಕಾಯಿಲೆ ಇರುವವರು, ದಿನವೂ ಮದ್ಯ ಸೇವಿಸುವವರು ಕೇಳಿಯೇ ತೆಗೆದುಕೊಳ್ಳಬೇಕು. ಜ್ವರವಿರುವಾಗ, ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಅಸ್ತಮಾ ಇರುವಾಗ, ಗರ್ಭಿಣಿಯಾಗಿರುವಾಗ ಇತರ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಅವರಿಗೆ ಪ್ಯಾರಾಸಿಟಮಾಲ್ ಕೊಡುವುದಾದರೂ ತೂಕಕ್ಕೆ ತಕ್ಕಂತೆ.

ಲವಂಗದ ಎಣ್ಣೆಯಲ್ಲಿ ನೋವು ಮಂದಗೊಳಿಸುವ ಗುಣವಿದೆ, ಅಜ್ಜಿಯರ ಮಾತು ಸುಳ್ಳಲ್ಲ. ಹತ್ತಿಗೆ ಒಂದು ಹನಿ ಹಚ್ಚಿ ಹುಳುಕಿನ ಮೇಲಷ್ಟೇ ಇಡಿ, ವಸಡಿಗೆ ಹೆಚ್ಚು ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಅದುಮಿಡುವುದು, ಎಕ್ಕದ ಹಾಲು ಬಿಡುವುದು, ಹೊಗೆಸೊಪ್ಪು ತುರುಕುವುದು ಮಾಡಬೇಡಿ, ನೋವಿನ ಜೊತೆ ಹುಣ್ಣೂ ಸೇರುತ್ತದೆ. ಬಾವಿನ ಮೇಲೆ ಹೊರಗಿನಿಂದ ಬಿಸಿ ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಬೇಕಾದರೆ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಹತ್ತು ನಿಮಿಷ ಇಡಿ. ತಲೆಯ ಕೆಳಗೆ ಎರಡು ದಿಂಬಿಟ್ಟು ಮಲಗಿದರೆ ಸಿಡಿತ ಕಡಿಮೆಯಾಗುತ್ತದೆ. ಇಷ್ಟೂ ಆ ಒಂದು ರಾತ್ರಿಗೆ. ಬೆಳಿಗ್ಗೆ ನೋವಿರಲಿ, ಬಿಡಲಿ, ದಂತವೈದ್ಯರನ್ನು ಕಾಣುವುದು ತಪ್ಪಬಾರದು.

ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಕೂಡದು ಎಂಬ ನಂಬಿಕೆ ತಪ್ಪು. ಅವಸರವಿಲ್ಲದ ಕೆಲಸವನ್ನು ನಾಲ್ಕರಿಂದ ಆರನೇ ತಿಂಗಳಲ್ಲಿ ಮಾಡಿಸುವುದು ಅನುಕೂಲ. ಕೀವು, ಜ್ವರ ಇದ್ದರೆ ಯಾವ ತಿಂಗಳಾದರೂ ಕಾಯುವಂತಿಲ್ಲ.

ನೋವಿಲ್ಲದ ಶತ್ರು

ಕೊನೆಯದಾಗಿ, ನೋವನ್ನೇ ಕೊಡದೆ ಬರುವ ಅಪಾಯದ ಮಾತು. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಹಲ್ಲು ಕಿತ್ತ ಜಾಗ ವಾರಗಟ್ಟಲೆ ಕೂಡದಿರುವುದು, ಕಾರಣವಿಲ್ಲದೆ ಒಂದೇ ಹಲ್ಲು ಸಡಿಲವಾಗುವುದು ಬಾಯಿಯ ಕ್ಯಾನ್ಸರಿನ ಮೊದಲ ಗುರುತುಗಳಾಗಿರಬಹುದು. ಅಡಿಕೆ ಅಗಿಯುವವರಲ್ಲಿ ಬಾಯಿ ತಿಂಗಳು ತಿಂಗಳಿಗೆ ಬಿಗಿಯುತ್ತ, ಖಾರ ತಿಂದರೆ ಉರಿಯುತ್ತ ಬಂದರೆ ಅದೂ ಕ್ಯಾನ್ಸರಿನ ಹಾದಿಯಾಗಬಲ್ಲದು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಬೆರೆಸಿ ತಿಂದರೆ ಬಾಯಿಗೆ ಆಗುವ ಹಾನಿಯಲ್ಲಿ ವ್ಯತ್ಯಾಸವೇನೂ ಇಲ್ಲ. ಇಂಥವರನ್ನು ನಡುರಾತ್ರಿ ಕರೆದೊಯ್ಯಬೇಕಿಲ್ಲ, ಆದರೆ ಇದೇ ವಾರ ಕರೆದೊಯ್ಯಬೇಕು.

ಕತ್ತರಿಸಿ ಇಟ್ಟುಕೊಳ್ಳಿ

ತಕ್ಷಣ ಆಸ್ಪತ್ರೆಗೆ: ಉಸಿರಾಟ ಅಥವಾ ನುಂಗುವಿಕೆಗೆ ತೊಂದರೆ, ಗದ್ದದ ಕೆಳಗೆ, ಕುತ್ತಿಗೆಗೆ, ಕಣ್ಣಿಗೆ ಹರಡಿದ ಬಾವು, ಬಾವಿನ ಜೊತೆ ಜ್ವರ, ಇದ್ದಕ್ಕಿದ್ದಂತೆ ಬಾಯಿ ತೆರೆಯಲಾಗದಿರುವುದು, ಅರ್ಧ ಗಂಟೆ ಕಚ್ಚಿಹಿಡಿದರೂ ನಿಲ್ಲದ ರಕ್ತ, ಜ್ವರದ ಜೊತೆ ವಸಡಿನಿಂದ ಒಸರುವ ರಕ್ತ, ಬೆವರಿನ ಜೊತೆ ದವಡೆನೋವು.

ನಿಮಿಷಗಳಲ್ಲಿ ದಂತವೈದ್ಯರಲ್ಲಿಗೆ: ಬೇರುಸಹಿತ ಕಿತ್ತುಬಂದ ಶಾಶ್ವತ ಹಲ್ಲು, ಹಾಲಿನಲ್ಲಿಟ್ಟುಕೊಂಡು.

ಒಂದೆರಡು ದಿನದೊಳಗೆ: ನಿದ್ದೆ ಕೆಡಿಸುವ ನೋವು, ವಸಡಿನ ಕೀವುಗುಳ್ಳೆ, ಹಲ್ಲು ಕಿತ್ತ ಮೂರನೇ ದಿನ ಹೊಸದಾಗಿ ಶುರುವಾದ, ಕಿವಿಗೆ ಹೊಡೆಯುವ ನೋವು, ಚಿಕಿತ್ಸೆಯಿಲ್ಲದೆ ತಾನಾಗಿ ನಿಂತ ಜೋರು ನೋವು.

ಒಂದು ವಾರದೊಳಗೆ: ಎರಡು ವಾರವಾದರೂ ಮಾಯದ ಹುಣ್ಣು, ಮಚ್ಚೆ, ಕಾರಣವಿಲ್ಲದೆ ಸಡಿಲವಾದ ಹಲ್ಲು.

ಹತ್ತಿರ ದಂತವೈದ್ಯರಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗ, ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿಗೆ ಹೋಗಬಹುದು. ರಾತ್ರಿ ಹೊತ್ತಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಹೋಗಿ. ‘ಹಲ್ಲಿಗಾಗಿ ಇಷ್ಟು ಹೊತ್ತಿನಲ್ಲಿ ಹೇಗೆ ಹೋಗುವುದು’ ಎಂದು ಸಂಕೋಚಪಡಬೇಡಿ.